ಅತಿಥಿಗೆ ಹಾಸಿದ ಹಾದಿ

ಮನೆಗೆ ಬೀಗರು ಬರುವ ಸುದ್ದಿ ಬಂದರೆ ಸಾಕು, ಮನೆಯ ರೂಪವೇ ಬದಲಾಗುತ್ತದೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಹುಣಸೆಹಣ್ಣು ಕಂಡು ಹೊಳೆಯತೊಡಗುತ್ತವೆ. ಟ್ರಂಕಿನ ತಳದಲ್ಲಿದ್ದ ಜಮಖಾನೆ ಹೊರಬರುತ್ತದೆ. ಆರು ತಿಂಗಳಿಂದ ಸೋರುತ್ತಿದ್ದ ನಲ್ಲಿಗೆ ಒಂದೇ ದಿನದಲ್ಲಿ ಹೊಸ ವಾಷರ್ ಬೀಳುತ್ತದೆ. ಇದನ್ನು ತಪ್ಪೆನ್ನುವವರು ಯಾರೂ ಇಲ್ಲ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯೋಪನಿಷತ್ತೇ ಹೇಳಿರುವಾಗ ನಾವು ನೀವು ಬೇರೆ ಹೇಳಲು ಯಾರು? ಆದರೆ ಮನೆಯ ಹುಡುಗ ನಡುವೆ ಬಾಯಿ ಹಾಕಿ, 'ಇಷ್ಟು ದಿನ ಈ ನಲ್ಲಿಯನ್ನು ನಮಗೋಸ್ಕರ ಏಕೆ ಸರಿಮಾಡಿಸಲಿಲ್ಲ?' ಎಂದು ಕೇಳಿದನೆಂದು ಇಟ್ಟುಕೊಳ್ಳಿ. ಹಿರಿಯರು ಅವನನ್ನು ಗದರಿಸಿ ಹೊರಗೆ ಕಳಿಸಬಹುದೇ ಹೊರತು ಉತ್ತರ ಕೊಡುವುದು ಕಷ್ಟ.

2026ರ ಜನವರಿಯಲ್ಲಿ ನಮ್ಮ ಪುಣೆಗೂ ಇಂಥ ಬೀಗರು ಬಂದಿದ್ದರು. ಜನವರಿ 19ರಿಂದ 23ರವರೆಗೆ 'ಪುಣೆ ಗ್ರ್ಯಾಂಡ್ ಟೂರ್' ಎಂಬ ಅಂತರರಾಷ್ಟ್ರೀಯ ಸೈಕಲ್ ಪಂದ್ಯ ಇಲ್ಲಿ ನಡೆಯಿತು. ಮೊದಲ ದಿನ ನಗರದ ಡೆಕ್ಕನ್ ಭಾಗದಲ್ಲಿ 'ಪ್ರೊಲಾಗ್' ಎಂಬ ಕಿರು ಓಟ. ಆಮೇಲೆ ನಾಲ್ಕು ದಿನ ಮುಳಶಿ, ಮಾವಳ, ಪುರಂದರ, ಬಾರಾಮತಿಗಳ ಕಡೆಗೆ ಘಾಟು ಏರಿ ಇಳಿದು ಸಾಗುವ ನಾಲ್ಕು ಹಂತಗಳು. ಒಟ್ಟು 437 ಕಿಲೋಮೀಟರು. ವಿಶ್ವ ಸೈಕ್ಲಿಂಗ್ ಒಕ್ಕೂಟದ ಪಟ್ಟಿಯಲ್ಲಿ ಸೇರಿದ, ಹಲವು ದೇಶಗಳ ವೃತ್ತಿಪರ ತಂಡಗಳು ಭಾಗವಹಿಸುವ ಪಂದ್ಯವಿದು. ಮುಂಬಯಿ–ಪುಣೆ ಸೈಕಲ್ ಪಂದ್ಯವನ್ನೂ, ಅದರಲ್ಲಿ ಬೋರ್ ಘಾಟವನ್ನು ಮೊದಲು ಹತ್ತಿದವನಿಗೆ ಸಿಗುವ 'ಘಾಟಾಚಾ ರಾಜಾ' ಬಿರುದನ್ನೂ ಬಲ್ಲ ಹಳಬರಿಗೆ ಸೈಕಲ್ ಪಂದ್ಯ ಹೊಸದಲ್ಲ. ಆದರೆ ಈ ಸಲದ ಸಿದ್ಧತೆ ಮಾತ್ರ ಹೊಸದು. ಪಂದ್ಯದ ದಾರಿಯುದ್ದಕ್ಕೂ ಡಾಂಬರು ಬಿತ್ತು, ಗುಂಡಿಗಳು ಮುಚ್ಚಿದವು, ಬಿಳಿ ಪಟ್ಟೆಗಳು ಮೂಡಿದವು. ಗೆದ್ದವರ, ಸೋತವರ ಹೆಸರುಗಳು ಪತ್ರಿಕೆಗಳಲ್ಲಿ ಬಂದಿವೆ. ನಾವು ವಿಚಾರಮಾಡಬೇಕೆಂದಿರುವುದು ಆ ಡಾಂಬರಿನ ವಿಷಯ.

ನಾವೂ ಒಂದು ದಿನದ ಸಿ.ಎಲ್. ಹಾಕಿ ಮುಳಶಿ ಕಡೆಯ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಎರಡು ಗಂಟೆ ಕಾದೆವು; ನೋಡಿದ್ದು ಅರ್ಧ ನಿಮಿಷವೂ ಇಲ್ಲ. ಲೆಕ್ಕ ಸರಳ. ಗಂಟೆಗೆ 45 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರು. ಇನ್ನೂರು ಮೀಟರು ಉದ್ದದ ಗುಂಪೊಂದು ನಮ್ಮನ್ನು ದಾಟಲು ಹದಿನಾರೇ ಸೆಕೆಂಡು ಸಾಕು. ಜೇನುಹುಳುಗಳು ಹಾರಿದಂಥ ಒಂದು ಸದ್ದು, ಬಣ್ಣಬಣ್ಣದ ಬೆನ್ನುಗಳು, ಹಿಂದೆ ಮೋಟಾರುಗಳ ಸಾಲು, ಅಷ್ಟೆ. ನಮ್ಮ ಪಕ್ಕದಲ್ಲಿ ಹಳೆಯ ಸೈಕಲ್ಲೊಂದನ್ನು ಹಿಡಿದು ನಿಂತಿದ್ದವರು ಇಂಡಿ ತಾಲೂಕಿನವರು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಹದಿನೆಂಟು ವರ್ಷವಾಗಿದೆ. ಈಗ ಒಂದು ಕಟ್ಟಡದಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ನಾವು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಹತ್ತಿರ ಬಂದಿದ್ದರು. ಗುಂಪು ಮರೆಯಾದ ಮೇಲೆ ಅವರು ಹೊಸ ಡಾಂಬರನ್ನು ಕಾಲಿನಿಂದ ಒತ್ತಿ ನೋಡಿ, 'ಸಾಹೇಬ್ರ, ಇವ್ರು ಹೋದ ಮ್ಯಾಲೂ ಈ ರಸ್ತಾ ಹಿಂಗ ಇರತೈತೇನ್ರಿ?' ಎಂದು ಕೇಳಿದರು. ದಿನವೂ ಆ ರಸ್ತೆಯಲ್ಲೇ ಸೈಕಲ್ ತುಳಿಯುವವರು ಅವರು. ಆ ಹೊತ್ತು ಮಾತ್ರ ಅವರನ್ನೂ ಅವರ ಸೈಕಲ್ಲನ್ನೂ ಹಗ್ಗದ ಆಚೆ ನಿಲ್ಲಿಸಲಾಗಿತ್ತು.

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಇಂಥ ಸಂದರ್ಭಕ್ಕೆ ಹುಟ್ಟಿದ್ದೆನ್ನಿಸುತ್ತದೆ. ಒಂದು ಕಾಲಕ್ಕೆ ಪುಣೆಯೆಂದರೆ ಸೈಕಲ್ಲುಗಳ ಊರು. ಕಾಲೇಜಿಗೆ, ಕಾರಖಾನೆಗೆ, ಕಚೇರಿಗೆ ಜನ ಸೈಕಲ್ಲಿನ ಮೇಲೆಯೇ ಹೋಗುತ್ತಿದ್ದರು. ಆಮೇಲೆ ಸ್ಕೂಟರುಗಳು ಬಂದವು, ಕಾರುಗಳು ಬಂದವು. ಸೈಕಲ್ಲಿನವನು ರಸ್ತೆಯ ಅಂಚಿಗೆ ಸರಿಯುತ್ತ ಸರಿಯುತ್ತ ಗಟಾರದ ಪಕ್ಕಕ್ಕೆ ಬಂದು ನಿಂತ. 2017ರಲ್ಲಿ ಮಹಾನಗರಪಾಲಿಕೆ ಒಂದು ಸಮಗ್ರ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೂ ಹಲವೆಡೆ ಸೈಕಲ್ ಪಥಗಳ ಮೇಲೆ ಇಂದು ನಿಂತಿರುವುದು ಕಾರುಗಳು, ತಳ್ಳುಗಾಡಿಗಳು. ಹೀಗಿರುವಾಗ ಐದು ದಿನದ ಅತಿಥಿಗಳಿಗಾಗಿ ತಿಂಗಳುಗಳಲ್ಲಿ ಆದ ಕೆಲಸ, ತೆರಿಗೆ ಕೊಡುವ ಮನೆಯವರಿಗಾಗಿ ವರ್ಷಗಟ್ಟಲೆ ಏಕಾಗಲಿಲ್ಲವೆಂದು ಜನ ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಸಿಟ್ಟು ನ್ಯಾಯವಾದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಪರರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಮಾಡಿದ ಒಳ್ಳೆಯ ಕೆಲಸ ಒಳ್ಳೆಯ ಕೆಲಸವೇ, ಅಲ್ಲವೇ?

ಈ ಬಗ್ಗೆ ದೊಡ್ಡವರಲ್ಲಿಯೇ ಒಮ್ಮತವಿಲ್ಲ. ಜರ್ಮನಿಯ ತತ್ತ್ವಜ್ಞಾನಿ ಕ್ಯಾಂಟ್ 1785ರ ತನ್ನ ಗ್ರಂಥದಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆ ಕೊಡುತ್ತಾನೆ. ಆತ ಸಣ್ಣ ಮಗು ಬಂದರೂ ಮೋಸಮಾಡದೆ ಸರಿಯಾದ ಬೆಲೆಗೆ ಸಾಮಾನು ಕೊಡುತ್ತಾನೆ. ಆದರೆ ಹಾಗೆ ಮಾಡುವುದು ವ್ಯಾಪಾರದ ಹಿತಕ್ಕಾಗಿ. ಅವನ ನಡತೆ ಸರಿ, ಅದಕ್ಕೆ ನೈತಿಕ ಬೆಲೆ ಮಾತ್ರ ಇಲ್ಲವೆನ್ನುವುದು ಕ್ಯಾಂಟನ ತೀರ್ಪು. ಇಂಗ್ಲೆಂಡಿನ ಮಿಲ್ ಇದನ್ನು ಬೇರೆ ಬದಿಯಿಂದ ನೋಡಿದ. ಮುಳುಗುತ್ತಿರುವವನನ್ನು ದಡಕ್ಕೆಳೆದವನು ಕರ್ತವ್ಯವೆಂದು ಎಳೆದಿರಲಿ, ಇನಾಮಿನ ಆಸೆಯಿಂದ ಎಳೆದಿರಲಿ, ಮಾಡಿದ ಕೆಲಸ ಸರಿಯಾದದ್ದೇ. ಉದ್ದೇಶದಿಂದ ತಿಳಿಯುವುದು ಎಳೆದವನ ಯೋಗ್ಯತೆ ಎಂಬುದು ಅವನ ವಾದ. ಮುಳುಗುವವನ ಕಡೆಯಿಂದ ನೋಡಿದರೆ ಮಿಲ್ಲನ ಮಾತೇ ಸರಿಯೆನ್ನಬೇಕು.

ಆದರೆ ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಇವರಿಬ್ಬರಿಗೂ ಹೊಳೆಯದ ಒಂದು ಮಾತಿದೆ. ಸತ್ಕಾರ, ಮಾನ, ಪೂಜೆಗಳಿಗಾಗಿ ಡಂಭದಿಂದ ಮಾಡುವ ತಪಸ್ಸನ್ನು ಅಲ್ಲಿ ರಾಜಸವೆಂದು ಕರೆದಿದೆ. ಅದನ್ನು ಪಾಪವೆಂದು ಬಯ್ದಿಲ್ಲ, ವ್ಯರ್ಥವೆಂದೂ ತಳ್ಳಿಹಾಕಿಲ್ಲ. ಅಸ್ಥಿರವಾದದ್ದು, ನಿಲ್ಲದೆ ಹೋಗುವಂಥದ್ದು ಎಂದು ಮಾತ್ರ ಹೇಳಿದೆ. ತೋರಿಕೆಯ ಕೆಲಸದ ದೋಷ ಅದು ಅಶುದ್ಧವೆಂಬುದಕ್ಕಿಂತ ಹೆಚ್ಚಾಗಿ ಅದು ಬಾಳುವುದಿಲ್ಲವೆಂಬುದರಲ್ಲಿದೆ. ನೋಡುವ ಕಣ್ಣು ಅತ್ತ ತಿರುಗಿದೊಡನೆ ಮಾಡುವ ಕೈ ನಿಲ್ಲುತ್ತದೆ. ಹಾಗಾದರೆ, ತೋರಿಕೆಗಾಗಿ ಆರಂಭವಾದದ್ದು ಬಾಳುವಂತಾದರೆ? ಆಗ ಅದರ ದೋಷ ಕಳೆದಂತಾಯಿತಲ್ಲವೆ?

ಸರಕಾರಿ ನೌಕರರಾದ ನಮಗೆ ಇದಕ್ಕೆ ದೃಷ್ಟಾಂತ ಹುಡುಕಲು ದೂರ ಹೋಗಬೇಕಿಲ್ಲ. ಹಲವು ವರ್ಷಗಳ ಹಿಂದೆ ನಾವಿದ್ದ ಒಂದು ಕಚೇರಿಗೆ ಇನ್‌ಸ್ಪೆಕ್ಷನ್ ಬಂತು. ಆಗ ಎರಡು ಕೆಲಸಗಳಾದವು. ಬಾಡಿಗೆಯ ಹೂಕುಂಡಗಳು ಬಂದು ವರಾಂಡದಲ್ಲಿ ಕುಳಿತವು. ರೆಕಾರ್ಡ್ ರೂಮಿನ ಹಳೆಯ ಫೈಲುಗಳಿಗೆಲ್ಲ ಒಂದು ಸೂಚಿಪಟ್ಟಿ ತಯಾರಾಯಿತು. ಎರಡರ ಉದ್ದೇಶವೂ ಒಂದೇ: ಬರುವ ಸಾಹೇಬರ ಮೆಚ್ಚುಗೆ. ಮರುದಿನ ಕುಂಡಗಳು ಬಂದ ಟೆಂಪೋದಲ್ಲಿಯೇ ಹಿಂತಿರುಗಿದವು. ಸೂಚಿಪಟ್ಟಿ ಮಾತ್ರ ಉಳಿಯಿತು. ಏಕೆಂದರೆ ಆ ವಿಭಾಗದ ಸೂಪರಿಂಟೆಂಡೆಂಟರು, ಇನ್ನು ಮುಂದೆ ಒಳಹೋಗುವ, ಹೊರಬರುವ ಪ್ರತಿಯೊಂದು ಫೈಲೂ ಇದರಲ್ಲಿ ದಾಖಲಾಗಬೇಕು, ತಿಂಗಳಿಗೊಮ್ಮೆ ತಾವೇ ಸಹಿ ಮಾಡುತ್ತೇವೆ ಎಂದು ಗೊತ್ತುಮಾಡಿದರು. ಮೂರು ನಾಲ್ಕು ವರ್ಷಗಳ ನಂತರ ವಿಧವೆಯೊಬ್ಬರು ತಮ್ಮ ಯಜಮಾನರ ಪೆನ್ಶನ್ನಿನ ಕಾಗದಪತ್ರ ಕೇಳಿಕೊಂಡು ಬಂದರು. ಹಾಸನದ ಹತ್ತಿರದ ಹಳ್ಳಿಯಿಂದ ಬಂದವರು. ಕೈಯಲ್ಲಿ ಹಳೆಯ ಒಂದು ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಹದಿನೈದು ನಿಮಿಷದಲ್ಲಿ ಫೈಲು ಸಿಕ್ಕಿತು. ಆ ತಾಯಿಗೆ ಪಟ್ಟಿ ಯಾರ ಮೆಚ್ಚುಗೆಗಾಗಿ ಹುಟ್ಟಿತೆಂಬುದು ಬೇಕಾಗಿರಲಿಲ್ಲ. ಅದು ಇನ್ನೂ ಬದುಕಿತ್ತೆಂಬುದೇ ಅವರ ಪಾಲಿನ ಪುಣ್ಯ.

ಸೈಕಲ್ ಪಂದ್ಯಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜಗತ್ಪ್ರಸಿದ್ಧವಾದ 'ಟೂರ್ ದ ಫ್ರಾನ್ಸ್' 1903ರಲ್ಲಿ ಆರಂಭವಾದದ್ದು 'ಲೋತೊ' ಎಂಬ ಕ್ರೀಡಾಪತ್ರಿಕೆಯ ಪ್ರಸಾರ ಹೆಚ್ಚಿಸುವುದಕ್ಕಾಗಿ. 1919ರಿಂದ ಮುಂಚೂಣಿಯವನಿಗೆ ತೊಡಿಸುವ ಹಳದಿ ಅಂಗಿಯನ್ನು ಕೂಡ ಆ ಪತ್ರಿಕೆಯ ಹಳದಿ ಕಾಗದದೊಡನೆ ಜೋಡಿಸಿ ಹೇಳುತ್ತಾರೆ. ಎರಡು ಮಹಾಯುದ್ಧಗಳ ಕಾಲ ಬಿಟ್ಟರೆ ಪ್ರತಿವರ್ಷ ನಡೆದು ಬಂದ ಆ ಪಂದ್ಯ ಇಂದು ಒಂದು ದೇಶದ ಹಬ್ಬ. ಪತ್ರಿಕೆ ನಿಂತುಹೋಗಿ ಎಂಬತ್ತು ವರ್ಷಗಳಾದವು, ಹಬ್ಬ ಉಳಿದಿದೆ. ಬೀಜ ಎಂಥ ಕೈಯಿಂದ ಬಿತ್ತೆಂದು ಮರ ಕೇಳುವುದಿಲ್ಲ. ಆಮೇಲೆ ನೀರೆರೆದವರಿದ್ದರೇ ಎಂಬುದೇ ಮುಖ್ಯ.

ರಸ್ತೆಗೆ ನೀರೆರೆಯುವುದೆಂದರೆ ಏನು? ಇದಕ್ಕೆ ಉತ್ತರವೂ ಪುಣೆಯಲ್ಲಿಯೇ ಇದೆ. ನಮ್ಮಲ್ಲಿ ಅನೇಕರು ನಿತ್ಯ ಓಡಾಡುವ ಜಂಗ್ಲಿ ಮಹಾರಾಜ ರಸ್ತೆಯನ್ನು 1970ರ ದಶಕದಲ್ಲಿ 'ರೆಕಾಂಡೊ' ಎಂಬ ಕಂಪನಿ ಕಟ್ಟಿತು. 1976ರಲ್ಲಿ ಕೆಲಸ ಮುಗಿಯಿತು. ಯಾವ ಅತಿಥಿಗಾಗಿಯೂ ಅಲ್ಲ. ಮಳೆಗಾಲ ಬಂದರೆ ಊರಿನ ರಸ್ತೆಗಳೆಲ್ಲ ಗುಂಡಿಮಯವಾಗುತ್ತಿದ್ದವೆಂದು, ಊರಿನವರಿಗಾಗಿ. ಆ ಕರಾರಿನಲ್ಲಿ ಒಂದು ವಿಶೇಷವಿತ್ತು: ಹತ್ತು ವರ್ಷದ ಖಾತರಿ. ಆ ಅವಧಿ ಮುಗಿದ ಮೇಲೂ ದಶಕಗಳ ಕಾಲ ಅದು ಗುಂಡಿ ಬೀಳದ ರಸ್ತೆಯೆಂದು ಹೆಸರಾಯಿತು. ನಮ್ಮ ದೃಷ್ಟಿಯಲ್ಲಿ ಈ 'ಖಾತರಿ' ಎಂಬ ಮೂರಕ್ಷರದಲ್ಲಿಯೇ ನಾವು ಹುಡುಕುತ್ತಿರುವ ನೀತಿಯಿದೆ. ಖಾತರಿ ಕೊಡುವವನು ಉದ್ಘಾಟನೆಯ ದಿನಕ್ಕೆ ಮಾತು ಕೊಡುವುದಿಲ್ಲ. ಯಾರೂ ನೋಡದ ದಿನಗಳಿಗೆ ಮಾತು ಕೊಡುತ್ತಾನೆ. ತೋರಿಕೆಯ ಕೆಲಸಕ್ಕೂ ಧರ್ಮದ ಕೆಲಸಕ್ಕೂ ನಡುವಿನ ಗೆರೆ ಆರಂಭದ ಉದ್ದೇಶದಲ್ಲಿಲ್ಲ, ಆ ಮಾತಿನಲ್ಲಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಂದ್ಯದ ಸೈಕಲ್ಲಿನ ಟೈರಿನ ಅಗಲ ಹೆಚ್ಚುಕಡಿಮೆ ಮೂರು ಸೆಂಟಿಮೀಟರು. ಅದಕ್ಕೆ ಸ್ಪ್ರಿಂಗಿಲ್ಲ, ಶಾಕ್ ಅಬ್ಸಾರ್ಬರಿಲ್ಲ. ಕಾರಿಗೆ ಒಂದು ಕುಲುಕಾಟವಾಗುವ ಗುಂಡಿ ಸೈಕಲ್ಲಿಗೆ ಒಂದು ಬೀಳುವಿಕೆ. ಆದುದರಿಂದ ರಸ್ತೆಯ ನಿಜವಾದ ಪರೀಕ್ಷಕ ಸೈಕಲ್ಲಿನವನೇ. ಅವನಿಗೆ ಒಗ್ಗಿದ ರಸ್ತೆ ಎಲ್ಲರಿಗೂ ಒಗ್ಗುತ್ತದೆ. ಕಾರಿಗೆ ಒಗ್ಗಿದ್ದು ಅವನಿಗೆ ಒಗ್ಗಲೇಬೇಕೆಂದಿಲ್ಲ. ಪಂದ್ಯದ ನೆಪದಿಂದ ನಮ್ಮ ಎಂಜಿನಿಯರುಗಳು ತಿಳಿದೋ ತಿಳಿಯದೆಯೋ ಅತ್ಯಂತ ದುರ್ಬಲ ವಾಹನವನ್ನು ಅಳತೆಗೋಲಾಗಿ ಹಿಡಿದರು. ಈ ಅಳತೆಗೋಲು ಅತಿಥಿಗಳೊಡನೆ ವಿಮಾನ ಹತ್ತಿ ಹೋಗಬಾರದು.

ಹೋಗದಂತೆ ತಡೆಯಬೇಕಾದವರು ಯಾರು? ಹಾಲೆಂಡ್ ದೇಶದಲ್ಲಿ ಇಂದು ಕಾಣುವ ಸೈಕಲ್ ಪಥಗಳು ಯಾವ ಪಂದ್ಯದಿಂದಲೂ ಬಂದವಲ್ಲ. 1971ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿದ್ದರು. ಮಕ್ಕಳ ಈ ಕೊಲೆಯನ್ನು ನಿಲ್ಲಿಸಿರೆಂದು ತಂದೆತಾಯಿಗಳು ಬೀದಿಗಿಳಿದರು. ಮನೆಯವರು ತಮ್ಮ ಮನೆಯೆಂದು ತಿಳಿದು ಕೇಳಿದರು, ಕೇಳುತ್ತಲೇ ಇದ್ದರು, ಕೊನೆಗೆ ಪಡೆದರು.

ಇಲ್ಲಿ ಪುಣೆಯ ಕನ್ನಡಿಗರಿಗೆ ಒಂದು ಮಾತು ಹೇಳಬೇಕೆನ್ನಿಸುತ್ತದೆ. ನಮ್ಮವರಲ್ಲಿ ಇಪ್ಪತ್ತು, ಮೂವತ್ತು ವರ್ಷ ಇಲ್ಲಿ ಬಾಳಿ, ಇಲ್ಲಿಯೇ ಮನೆ ಕಟ್ಟಿ, ಇಲ್ಲಿಯೇ ಮಕ್ಕಳ ಮದುವೆ ಮಾಡಿದವರಿದ್ದಾರೆ. ಆದರೂ ವಾರ್ಡಿನ ವಿಷಯ ಬಂದಾಗ 'ನಮಗೇಕೆ ಬೇಕು, ನಾವು ಹೊರಗಿನಿಂದ ಬಂದವರು' ಎಂದುಬಿಡುವ ವಾಡಿಕೆಯುಂಟು. ಇದು ವಿನಯದಂತೆ ತೋರುತ್ತದೆ; ನಿಜವಾಗಿ ಇದು ಅತಿಥಿಯ ಸುಖ. ಅತಿಥಿಗೆ ಹೊಸ ಜಮಖಾನೆ ಸಿಗುತ್ತದೆ, ಮರುದಿನ ಅದನ್ನು ಒಗೆಯುವ ಹೊಣೆ ಇರುವುದಿಲ್ಲ. ಇಂಡಿಯಿಂದ ಬಂದ ಆ ವಾಚ್‌ಮನ್ನರು ಕೇಳಿದ್ದು ಅತಿಥಿಯ ಪ್ರಶ್ನೆಯಲ್ಲ, ಮನೆಯವರ ಪ್ರಶ್ನೆ. ಈ ಊರಿನಲ್ಲಿ ಸ್ವಂತದ್ದೆನ್ನಲು ಒಂದು ಸೈಕಲ್ ಬಿಟ್ಟರೆ ಏನೂ ಇಲ್ಲದವರು ರಸ್ತೆಯ ನಾಳೆಯನ್ನು ಚಿಂತಿಸಿದರೆಂದ ಮೇಲೆ, ಫ್ಲ್ಯಾಟು, ಪ್ಲಾಟುಗಳಿರುವವರು ಏಕೆ ಸುಮ್ಮನಿರಬೇಕು?

ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ರಸ್ತೆಯ ಗುತ್ತಿಗೆಗಳಲ್ಲಿ, ಇಂತಿಷ್ಟು ಕಾಲದೊಳಗೆ ಕೆಟ್ಟರೆ ಗುತ್ತಿಗೆದಾರನೇ ಸ್ವಂತ ಖರ್ಚಿನಿಂದ ಸರಿಪಡಿಸಬೇಕೆಂಬ ಷರತ್ತನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಆ ಅವಧಿ ಎಷ್ಟು, ಎಂದಿಗೆ ಮುಗಿಯುತ್ತದೆ, ಹೊಣೆ ಯಾರದು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಯಾವ ನಾಗರಿಕನಾದರೂ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಅರ್ಜಿ ಬರೆಯುವ ಕಲೆ ನಮ್ಮಂಥ ಗುಮಾಸ್ತರಿಗೆ ಯಾರೂ ಕಲಿಸಬೇಕಾಗಿಲ್ಲ. ಪ್ರತಿಯೊಂದು ಬಡಾವಣೆಯಲ್ಲಿ ನಾಲ್ಕೈದು ಮಂದಿ ಆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿಕೊಂಡರೆ ಸಾಕು. ಬೀಗರಿಗಾಗಿ ಹಾಸಿದ್ದು ಮನೆಯವರ ಪಾಲಿಗೂ ಉಳಿದೀತು.

ಸೈಕಲ್ಲಿನ ಅತಿಥಿಗಳು ಮುಂಚಿತವಾಗಿ ಪತ್ರ ಬರೆದು, ತಾರೀಖು ತಿಳಿಸಿ ಬಂದರು. ಆಷಾಢದ ಮಳೆ ಹಾಗೆ ತಿಳಿಸಿ ಬರುವುದಿಲ್ಲ. ಅದು ಸಹ್ಯಾದ್ರಿ ದಾಟಿ ಬಂದು ಪ್ರತಿಯೊಂದು ರಸ್ತೆಯನ್ನೂ ಅಂಗುಲ ಅಂಗುಲ ಪರೀಕ್ಷಿಸುತ್ತದೆ. ಹೂಕುಂಡಗಳನ್ನು ನೋಡಿ ಮರುಳಾಗುವ ಇನ್‌ಸ್ಪೆಕ್ಟರ್ ಅದಲ್ಲ.