ಕ್ಯಾಮೆರಾದ ಆಯ್ಕೆಯೂ ಬೇಕೆಂಬುದರ ವಿವೇಕವೂ

ಕನ್ನಡದ ‘ಬೇಕು’ ಎಂಬ ಮಾತು ಬಹು ಸಣ್ಣದು. ಆದರೆ ಅದರೊಳಗೆ ಎರಡು ಅರ್ಥಗಳು ಅಡಗಿವೆ. ಹಸಿದವನು ಅನ್ನ ಬೇಕೆನ್ನುತ್ತಾನೆ. ಹೊಟ್ಟೆ ತುಂಬಿದವನು ಇನ್ನೊಂದು ಹೋಳಿಗೆ ಬೇಕೆನ್ನುತ್ತಾನೆ. ಮೊದಲನೆಯದು ಅಗತ್ಯ, ಎರಡನೆಯದು ಆಸೆ. ಭಾಷೆಯು ಇವೆರಡಕ್ಕೂ ಒಂದೇ ಮಾತನ್ನು ಕೊಟ್ಟು, ಭೇದವನ್ನು ತಿಳಿಯುವ ಹೊಣೆಯನ್ನು ಆಡುವವನಿಗೇ ಬಿಟ್ಟಿದೆ. ಈ ಹೊಣೆಯನ್ನು ಮನುಷ್ಯನು ಎಷ್ಟರಮಟ್ಟಿಗೆ ನಿರ್ವಹಿಸಬಲ್ಲನೆಂಬುದು ದೊಡ್ಡ ತ್ಯಾಗದ ಪ್ರಸಂಗಗಳಲ್ಲಿ ಮಾತ್ರವೇ ಹೊರಪಡುವುದೆಂದು ಭಾವಿಸಬೇಕಾಗಿಲ್ಲ. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಡಿಜಿಟಲ್ ಕ್ಯಾಮೆರಾ ಒಂದನ್ನು ಆರಿಸಿಕೊಳ್ಳುವ ಗೃಹಸ್ಥನಲ್ಲಿಯೂ ಅದು ಹೊರಪಡುತ್ತದೆ.

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಅವಕಾಶವೇ ಅಲ್ಪವಾಗಿದ್ದಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ನನು ಅಮೆರಿಕದಲ್ಲಿ ಮಾರಾಟಕ್ಕೆ ತಂದ ಕೊಡಕ್ ಪೆಟ್ಟಿಗೆಯಲ್ಲಿ ನೂರು ಚಿತ್ರಗಳಿಗೆ ಸಾಲುವ ಸುರುಳಿಯಿದ್ದಿತು. ಬೆಲೆ 25 ಡಾಲರು. ನೂರು ಚಿತ್ರಗಳು ಮುಗಿದ ಬಳಿಕ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕಾಗಿದ್ದಿತು. ಕೊಂಡವನು ಗುಂಡಿಯನ್ನೊತ್ತುವುದಲ್ಲದೆ ಬೇರೇನನ್ನೂ ಆರಿಸಬೇಕಾಗಿರಲಿಲ್ಲ. ಮುಂದೆ 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು, ಬೆಳಕನ್ನು ವಿದ್ಯುತ್ತಿನ ರೂಪದಲ್ಲಿ ಹಿಡಿದು ಓದಲು ಅನುವಾದ ಸಾಧನವನ್ನು ಕಲ್ಪಿಸಿದರು; ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರಾದ ಸ್ಟೀವನ್ ಸ್ಯಾಸನ್ನನು ಕಟ್ಟಿದ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಒಟ್ಟು ಹತ್ತು ಸಾವಿರ ಬಿಂದುಗಳಿದ್ದವು. ಒಂದು ಚಿತ್ರವು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ದಾಖಲಾಗಲು 23 ಸೆಕೆಂಡುಗಳು ಹಿಡಿಯುತ್ತಿದ್ದವು. ಅಲ್ಲಿಂದೀಚೆಗೆ ಯಂತ್ರವು ಬೆಳೆದ ಬಗೆ ಆಶ್ಚರ್ಯಕರವಾದುದು. ಇಂದು ಕೈಯಲ್ಲಿರುವ ಮೊಬೈಲ್ ಫೋನೇ ಕೋಟಿಗಟ್ಟಲೆ ಬಿಂದುಗಳ ಚಿತ್ರವನ್ನು ಕ್ಷಣಮಾತ್ರದಲ್ಲಿ ಕೊಡುತ್ತದೆ. ಹೀಗೆ ಸಾಧನವು ಬೆಳೆದಷ್ಟೂ ‘ಯಾವುದು?’ ಎಂಬ ಪ್ರಶ್ನೆ ದೊಡ್ಡದಾಯಿತು, ‘ಏತಕ್ಕೆ?’ ಎಂಬ ಪ್ರಶ್ನೆ ಅದರ ಮರೆಯಲ್ಲಿ ಚಿಕ್ಕದಾಯಿತು.

ಆಸೆಯು ಅಗತ್ಯದ ವೇಷವನ್ನು ಧರಿಸಬೇಕಾದಾಗ ಸಂಖ್ಯೆಗಳ ನೆರವನ್ನು ಪಡೆಯುವುದುಂಟು. ಮೆಗಾಪಿಕ್ಸೆಲ್ ಎಂಬ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲಿನ ಚಿತ್ರವೆಂದರೆ ಅಗಲದಲ್ಲಿ ಆರು ಸಾವಿರ, ಎತ್ತರದಲ್ಲಿ ನಾಲ್ಕು ಸಾವಿರ ಬಿಂದುಗಳು. ಅಂಗುಲಕ್ಕೆ 300 ಬಿಂದುಗಳಂತೆ ನಯವಾಗಿ ಮುದ್ರಿಸಿದರೆ ಅದು 20 ಅಂಗುಲ ಅಗಲ, 13 ಅಂಗುಲಕ್ಕಿಂತ ತುಸು ಹೆಚ್ಚು ಎತ್ತರವಾಗುತ್ತದೆ. ಇಷ್ಟು ದೊಡ್ಡ ಪಟವನ್ನು ಗೋಡೆಗೆ ಹಾಕಿಸುವ ಮನೆಗಳು ಎಷ್ಟು? 4ಕೆ ಎಂದು ಹೆಸರಾದ ದೂರದರ್ಶನದ ಪರದೆಯಾದರೂ ತೋರಬಲ್ಲದ್ದು ಸುಮಾರು 83 ಲಕ್ಷ ಬಿಂದುಗಳನ್ನು ಮಾತ್ರ. ಬಿಂದುಗಳ ಸಂಖ್ಯೆ ಇಮ್ಮಡಿಯಾದರೂ ಪಟದ ಅಗಲ ಇಮ್ಮಡಿಯಾಗುವುದಿಲ್ಲ. ಒಂದೂ ಕಾಲರಿಂದ ಒಂದೂವರೆಯ ನಡುವೆ ನಿಲ್ಲುತ್ತದೆ. ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕದ ಗಾತ್ರವು ಇದಕ್ಕಿಂತ ಹೆಚ್ಚು ಗಮನಾರ್ಹವಾದುದೆಂಬುದು ನಿಜ. ಪೂರ್ಣ ಚೌಕಟ್ಟಿನದೆನ್ನಿಸುವ ಫಲಕವು 36 ಮಿಲಿಮೀಟರು ಅಗಲ, 24 ಮಿಲಿಮೀಟರು ಎತ್ತರವಿರುತ್ತದೆ. ‘ಒಂದು ಇಂಚಿನದು’ ಎಂದು ಹೆಸರುಗೊಂಡ ಫಲಕವು ಒಂದು ಇಂಚು ಇರದೆ, 13.2 ಮತ್ತು 8.8 ಮಿಲಿಮೀಟರುಗಳಷ್ಟಿರುತ್ತದೆ. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಏಳು ಪಟ್ಟಿಗೂ ಹೆಚ್ಚು. ದೊಡ್ಡ ಫಲಕವು ಮಸುಕು ಬೆಳಕಿನಲ್ಲಿ ನಿರ್ಮಲವಾದ ಚಿತ್ರವನ್ನು ಕೊಡಬಲ್ಲದು. ಆದರೆ ಅದಕ್ಕೊಪ್ಪುವ ಲೆನ್ಸುಗಳೂ ದೊಡ್ಡವು, ಭಾರವಾದವು, ಬೆಲೆಯುಳ್ಳವು. ಈ ಮಾತುಗಳೆಲ್ಲವೂ ಯಂತ್ರದ ವಿಷಯದಲ್ಲಿ ಸತ್ಯ. ಕೊಳ್ಳುವವನ ವಿಷಯದಲ್ಲಿ ಅವು ಏನನ್ನೂ ಹೇಳುವುದಿಲ್ಲ.

ಕೊಳ್ಳುವವರನ್ನೇ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮದುವೆಯ ಚಿತ್ರಗಳನ್ನು ತೆಗೆದು ಜೀವಿಸುವವನೊಬ್ಬನನ್ನು ಊಹಿಸಬಹುದು. ಕಲ್ಯಾಣಮಂಟಪದಲ್ಲಿ ಬೆಳಕು ಸಾಲದು. ಮಾಂಗಲ್ಯಧಾರಣೆಯ ಕ್ಷಣವೋ ಎರಡನೆಯ ಸಲ ಬರುವುದಲ್ಲ. ಲೆನ್ಸಿನ ಮೇಲೆ 2.8 ಎಂಬ ಗುರುತಿದ್ದರೆ, ಅದು 5.6ರ ಗುರುತಿನದಕ್ಕಿಂತ ನಾಲ್ಕರಷ್ಟು ಬೆಳಕನ್ನು ಒಳಕ್ಕೆ ಬಿಡುತ್ತದೆ. ಎರಡು ಮೆಮೊರಿ ಕಾರ್ಡುಗಳ ಮೇಲೆ ಒಮ್ಮೆಲೇ ಬರೆಯುವ ಯಂತ್ರವಾದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಇಂಥವನು ಬೆಲೆಬಾಳುವ ಕ್ಯಾಮೆರಾವನ್ನು ಕೊಂಡರೆ ಅದು ದುಂದಲ್ಲ; ಪರರ ನೆನಪನ್ನು ಕಾಯುವ ಕೆಲಸವನ್ನು ಒಪ್ಪಿಕೊಂಡವನ ಧರ್ಮ. ಅಲ್ಲಿ ಜಿಪುಣತನ ಮಾಡುವುದೇ ತಪ್ಪು.

ಇನ್ನೊಬ್ಬನು ತನ್ನ ಸೀಮೆಯ ವೀರಗಲ್ಲುಗಳನ್ನೂ ಶಾಸನಗಳನ್ನೂ ದಾಖಲೆಮಾಡಬೇಕೆಂಬ ಹಂಬಲವುಳ್ಳ ಉಪಾಧ್ಯಾಯನೆನ್ನಬಹುದು. ಹೊಲದ ಬದುವಿನಲ್ಲಿ ನಿಂತ ಕಲ್ಲು. ಮಳೆಗಾಳಿಗಳಿಗೆ ಸವೆದ ಅಕ್ಷರಗಳು. ನಡುಹಗಲಿನಲ್ಲಿ ಹೋಗಿ, ಫೋನಿನಲ್ಲಿ ತೆಗೆದು, ಅಕ್ಷರಗಳು ಕಾಣದಿರುವುದನ್ನು ಕಂಡು, ದೊಡ್ಡ ಕ್ಯಾಮೆರಾ ಬೇಕೆಂದು ಅವನು ನಿಶ್ಚಯಿಸುತ್ತಾನೆ. ಆದರೆ ಕೊರತೆ ಯಂತ್ರದ್ದಲ್ಲ, ವೇಳೆಯದು. ಎಳೆಬಿಸಿಲು ಕಲ್ಲಿನ ಮೈಯನ್ನು ಸವರುವಂತೆ ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೀರೂ ತನ್ನ ನೆರಳನ್ನು ತಾನೇ ಚೆಲ್ಲಿಕೊಂಡು ಎದ್ದು ನಿಲ್ಲುತ್ತದೆ. ನಡುಹಗಲ ಬಿಸಿಲಿನಲ್ಲಿ ಆ ನೆರಳೇ ಅಡಗಿಹೋಗುತ್ತದೆ. ಕಲ್ಲಿನ ಮುಖಕ್ಕೆ ಬಿಸಿಲು ಬೀಳದ ಕಡೆ ಪಕ್ಕದಿಂದ ಹಿಡಿದ ಒಂದು ದೀಪವು ಅದೇ ಕೆಲಸವನ್ನು ಮಾಡುತ್ತದೆ. ಅವನಿಗೆ ಬೇಕಾದುದು ಬೆಳಗಿನ ಜಾವದ ಎಚ್ಚರ, ಒಂದು ದೀಪ, ಬಹಳವಾದರೆ ಒಂದು ಮುಕ್ಕಾಲಿ. ಲಕ್ಷ ರೂಪಾಯಿಯ ಯಂತ್ರವೂ ಇಲ್ಲದ ನೆರಳನ್ನು ಹಿಡಿಯಲಾರದು.

ಮೂರನೆಯವನು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡುವವನು. ರೆಕ್ಕೆ ಬಡಿಯುವ ಕೊಕ್ಕರೆಯನ್ನು ಸ್ಥಿರವಾಗಿ ಹಿಡಿಯಲು ಸೆಕೆಂಡಿನ ಸಾವಿರದೊಂದು ಭಾಗದಷ್ಟು ವೇಗ ಬೇಕು. ದೂರವನ್ನು ಹತ್ತಿರಕ್ಕೆ ತರುವ ನೀಳವಾದ ಲೆನ್ಸು ಬೇಕು. ಅಲ್ಲಾಡುವ ದೋಣಿಯಲ್ಲಿ ಮುಕ್ಕಾಲಿಯ ಉಪಯೋಗವಿಲ್ಲ. ಫೋನು ಒಂದು ಮಿತಿಯಾಚೆಗೆ ದೂರದ ಹಕ್ಕಿಯನ್ನು ಹತ್ತಿರ ತರುವುದಿಲ್ಲ. ಚಿತ್ರದ ಒಂದು ತುಣುಕನ್ನು ಹಿಗ್ಗಿಸಿ ತೋರುತ್ತದೆ, ಅಷ್ಟೆ. ಇಲ್ಲಿ ಯಂತ್ರದ ಕೊರತೆ ನಿಜವಾದ ಕೊರತೆ. ಉಪಾಧ್ಯಾಯನೂ ಪಕ್ಷಿಪ್ರಿಯನೂ ಅಂಗಡಿಯಲ್ಲಿ ಹೇಳುವುದು ‘ಒಳ್ಳೆಯ ಕ್ಯಾಮೆರಾ ಬೇಕು’ ಎಂಬ ಒಂದೇ ಮಾತು. ಒಬ್ಬನದು ತಪ್ಪು ತಿಳಿವಳಿಕೆ, ಇನ್ನೊಬ್ಬನದು ತಿಳಿವಳಿಕೆ.

ಇದಕ್ಕೆ ಹಿರಿಯರು, ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ತೀರಿತು, ಇಷ್ಟೊಂದು ವಿಚಾರವೇಕೆ ಎನ್ನಬಹುದು. ಗಾದೆ ಒಳ್ಳೆಯದೇ. ಆದರೆ ಅದು ಹಾಸಿಗೆಯನ್ನು ಅಳೆಯುತ್ತದೆಯೇ ಹೊರತು ಕಾಲನ್ನು ಅಳೆಯುವುದಿಲ್ಲ. ಹಣವುಳ್ಳವನು ಅಗತ್ಯವಿಲ್ಲದುದನ್ನು ಕೊಂಡರೆ ಗಾದೆಯ ಪ್ರಕಾರ ತಪ್ಪಿಲ್ಲ. ವಿವೇಕದ ಪ್ರಕಾರ ತಪ್ಪುಂಟು.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಅಗತ್ಯವೆಂಬುದು ಮೊದಲೇ ಸಿದ್ಧವಾಗಿ ಕುಳಿತಿರುವ ವಸ್ತುವಲ್ಲ; ಅನೇಕ ವೇಳೆ ಸಾಧನವೇ ಅಗತ್ಯವನ್ನು ಹುಟ್ಟಿಸುತ್ತದೆ. ಮನೆಯಲ್ಲಿ ವೀಣೆಯೊಂದು ಇದ್ದುದರಿಂದಲೇ ಸಂಗೀತದತ್ತ ತಿರುಗಿದ ಮಕ್ಕಳುಂಟು. ಒಳ್ಳೆಯ ಕ್ಯಾಮೆರಾ ಕೈಗೆ ಬಂದ ಮೇಲೆಯೇ ಹಕ್ಕಿಗಳ ಕಡೆಗೆ ತಲೆಯೆತ್ತಿದವರುಂಟು. ‘ಮೊದಲು ಅಗತ್ಯವನ್ನು ತೋರಿಸು, ಆಮೇಲೆ ಸಾಧನವನ್ನು ಕೊಳ್ಳು’ ಎಂಬ ನಿಯಮವು ಇಂಥವರ ಪಾಲಿಗೆ ಬಾಗಿಲನ್ನೇ ಮುಚ್ಚುವುದಿಲ್ಲವೆ?

ಈ ಆಕ್ಷೇಪವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ವೀಣೆಯ ಮನೆಯಲ್ಲಿ ಮಗುವನ್ನು ಎಳೆದುದು ನಾದ, ವೀಣೆಯ ಬೆಲೆಯಲ್ಲ. ಆ ಮೊದಲ ಎಳೆತಕ್ಕೆ ಬೇಕಾದ ಸಾಧನವು ಇಂದು ಬಹುಮಟ್ಟಿಗೆ ಎಲ್ಲರ ಕೈಯಲ್ಲಿಯೂ ಇದೆ. ಫೋನಿನಿಂದಲೇ ಒಂದು ವರ್ಷ ನೋಡಿ, ತೆಗೆದು, ತೆಗೆದುದನ್ನು ಮತ್ತೆ ನೋಡಿದವನಿಗೆ ಒಂದು ದಿನ ತನ್ನ ಕೊರತೆಯ ಹೆಸರು ತಾನಾಗಿ ತಿಳಿಯುತ್ತದೆ. ‘ಹಕ್ಕಿ ದೂರವಾಯಿತು’, ‘ದೀಪದ ಬೆಳಕಿನಲ್ಲಿ ಅಜ್ಜಿಯ ಮುಖ ಕಲಸಿಹೋಯಿತು’, ‘ಓಡುವ ಮಗು ಮಸುಕಾಯಿತು’ ಎಂದು ಅವನು ಹೇಳಬಲ್ಲನು. ಮೊದಲನೆಯದಕ್ಕೆ ನೀಳವಾದ ಲೆನ್ಸು, ಎರಡನೆಯದಕ್ಕೆ ದೊಡ್ಡ ಫಲಕ ಇಲ್ಲವೆ ಹೆಚ್ಚು ಬೆಳಕು ಬಿಡುವ ಲೆನ್ಸು, ಮೂರನೆಯದಕ್ಕೆ ಚುರುಕಾದ ಯಂತ್ರ. ಕೊರತೆಯನ್ನು ಹೆಸರಿಡಿದು ಕರೆಯಬಲ್ಲವನಿಗೆ ಅಂಗಡಿಯವನ ಸಲಹೆ ಸಹಾಯವಾಗುತ್ತದೆ. ಹೆಸರಿಡಿದು ಕರೆಯಲಾರದವನಿಗೆ ಅದೇ ಸಲಹೆ ಬಲೆಯಾಗುತ್ತದೆ. ಅಗತ್ಯವನ್ನೂ ಆಸೆಯನ್ನೂ ಬೇರ್ಪಡಿಸುವ ಪರೀಕ್ಷೆ ಇದಕ್ಕಿಂತ ಸರಳವಾದುದು ಇರಲಾರದು: ಅಗತ್ಯವು ತಾನು ಪಡೆಯಲಾರದೆ ಹೋದ ಚಿತ್ರವನ್ನು ತೋರಿಸುತ್ತದೆ, ಆಸೆಯು ತಾನು ಪಡೆಯಬೇಕೆಂದಿರುವ ಯಂತ್ರವನ್ನು ತೋರಿಸುತ್ತದೆ.

ತಪ್ಪಾದ ಆಯ್ಕೆಯಿಂದ ಆಗುವ ನಷ್ಟ ಹಣದ್ದು ಮಾತ್ರವಾಗಿದ್ದರೆ ಇಷ್ಟು ವಿಚಾರಕ್ಕೆ ಕಾರಣವಿರುತ್ತಿರಲಿಲ್ಲ. ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನು ಭಾರವಾದ ಕ್ಯಾಮೆರಾವನ್ನು ಕೊಂಡು, ಧೂಳು ಬಿದ್ದೀತೆಂದು ಬೀರುವಿನಲ್ಲಿಟ್ಟನು. ವಿಶೇಷ ದಿನಗಳಿಗೆಂದು ಅದು ಮೀಸಲಾಯಿತು. ಅವನ ತಾಯಿ ದಿನವೂ ಸಂಜೆ ಹಿತ್ತಲಿನ ಜಗಲಿಯ ಮೇಲೆ ಕುಳಿತು ಮೊಗ್ಗು ಕಟ್ಟುತ್ತಿದ್ದಳು. ಅದು ವಿಶೇಷ ದಿನವಲ್ಲವಾದುದರಿಂದ ಬೀರು ತೆರೆಯಲಿಲ್ಲ. ಫೋನಿನಲ್ಲಿ ತೆಗೆಯಬಹುದಾಗಿತ್ತು, ಒಳ್ಳೆಯ ಯಂತ್ರವಿರುವಾಗ ಇದರಲ್ಲೇಕೆ ಎಂದು ಅದನ್ನೂ ಮಾಡಲಿಲ್ಲ. ತಾಯಿ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಸಿಕ್ಕಿದ್ದು, ಯಾವುದೋ ಮದುವೆಯಲ್ಲಿ ಸಾಲಾಗಿ ನಿಂತವರ ನಡುವೆ ಅರ್ಧ ಕಾಣುವ ಅವಳ ಮುಖ. ಆ ಮನೆಯಲ್ಲಿ ಉತ್ತಮವಾದ ಸಾಧನವಿದ್ದಿತು. ಅದು ಇದ್ದುದೇ ಸಾಧ್ಯಕ್ಕೆ ಅಡ್ಡಿಯಾಯಿತು. ಇನ್ನೂ ಒಳ್ಳೆಯದು ಬರಲೆಂದು ಕಾಯುತ್ತ ಕುಳಿತವನ ಪಾಡೂ ಇದೇ. ಮುಂದಿನ ವರ್ಷ ಹೊಸ ಕ್ಯಾಮೆರಾ ಬರುವುದು ನಿಶ್ಚಯ. ಜಗಲಿಯ ಮೇಲೆ ಕುಳಿತವರು ಇರುವುದು ನಿಶ್ಚಯವಲ್ಲ.

ಆದುದರಿಂದ ಗೃಹಸ್ಥನು ಯಂತ್ರದ ಗುಣಗಳ ಪಟ್ಟಿಯನ್ನು ಓದುವುದಕ್ಕೆ ಮುನ್ನ ತನ್ನ ದಿನಗಳನ್ನು ಓದಿಕೊಳ್ಳುವುದು ಯುಕ್ತ. ತಾನು ಯಾರ ಮುಖವನ್ನು, ಯಾವ ಕಲ್ಲನ್ನು, ಯಾವ ಹಕ್ಕಿಯನ್ನು ಮರೆಯಲು ಒಲ್ಲನು? ಅವನ್ನು ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ಕಾಣುತ್ತಾನೆ? ಹೊರಡುವಾಗ ಎಷ್ಟು ಭಾರವನ್ನು ಬೇಸರವಿಲ್ಲದೆ ಹೊರಬಲ್ಲನು? ತೆಗೆದ ಚಿತ್ರಗಳನ್ನು ಎರಡು ಕಡೆ ಜೋಪಾನವಾಗಿಡುವ ಶ್ರದ್ಧೆಯುಂಟೇ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಕ್ಯಾಮೆರಾದ ಆಯ್ಕೆ ಮುಕ್ಕಾಲು ಪಾಲು ಆದಂತೆಯೇ. ಉಳಿದ ಕಾಲು ಪಾಲನ್ನು ಸಂಖ್ಯೆಗಳಿಗೆ ಬಿಡಬಹುದು.

‘ಬೇಕು’ ಎಂಬ ಮಾತಿಗೆ ಕನ್ನಡದಲ್ಲಿ ಇಬ್ಬರು ಒಡಹುಟ್ಟುಗಳುಂಟು: ‘ಬೇಡ’ ಮತ್ತು ‘ಸಾಕು’. ಬೇಕೆನ್ನುವುದು ಮಗುವಿಗೂ ಗೊತ್ತು. ಬೇಡವೆನ್ನುವುದು ವಿರಕ್ತನಿಗೆ ಗೊತ್ತು. ಸಂಸಾರದ ನಡುವೆ ಇದ್ದು, ತನ್ನ ಕೆಲಸವನ್ನರಿತು, ಇದು ಸಾಕೆಂದು ತಿಳಿದು ಹೇಳುವುದು ಗೃಹಸ್ಥನ ಪಾಲಿನ ವಿದ್ಯೆ. ಆ ಮಾತನ್ನು ಸಮಾಧಾನದಿಂದ ಆಡಬಲ್ಲವನ ಕೈಯಲ್ಲಿರುವುದು ಯಾವ ಕ್ಯಾಮೆರಾವಾದರೂ ಅವನಿಗೆ ತಕ್ಕುದೇ ಆಗಿರುತ್ತದೆ.