ರೈತನ ಕಡೆಗೆ ತಿರುಗಿದ ಪರದೆ

ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಈಗ ದುಡ್ಡಿನ ವ್ಯವಹಾರ ಸೊಪ್ಪಿನ ಕಂತೆ ಕಟ್ಟುವುದಕ್ಕಿಂತ ಬೇಗ ಮುಗಿಯುತ್ತದೆ. ಫೋನು ಹಿಡಿದು ಸ್ಕ್ಯಾನ್ ಮಾಡಿ, ಮೊತ್ತ ಹಾಕಿ, ಪಿನ್ ಒತ್ತಿದರೆ ಸಾಕು. ಬಂದ ಹಣವನ್ನು ಪುಟ್ಟ ಪೆಟ್ಟಿಗೆಯೊಂದು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಬ್ಯಾಂಕಿನಲ್ಲಿ ಚಲನ್ ತುಂಬಿಸಿಕೊಳ್ಳಲು ಯಾರದೋ ಮುಖ ನೋಡುತ್ತ ನಿಲ್ಲಬೇಕಾಗಿದ್ದವರೂ ಇಲ್ಲಿ ಯಾರ ಹಂಗಿಲ್ಲದೆ ವ್ಯಾಪಾರ ಮಾಡುತ್ತಾರೆ. ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪ್ ಮಾಡುತ್ತ ಕಂಪ್ಯೂಟರ್ ಕಲಿತ ಕೆಲವರಿಗೆ ಇದು ಜ್ಞಾನದ ಕುಸಿತವಾಗಿ ಕಾಣುತ್ತದೆ. ನಾನು ಒಪ್ಪಲಾರೆ. ತಾವು ಪಟ್ಟ ಕಷ್ಟವನ್ನು ಎಲ್ಲರೂ ಪಡಲಿ ಎನ್ನುವುದರಲ್ಲಿ ನ್ಯಾಯವಿಲ್ಲ.

ಆದರೆ ಸರಳ ಮಾಡುವಾಗ ಏನನ್ನು ತೆಗೆದುಹಾಕಿದೆವು ಎಂದು ಕೇಳಲೇಬೇಕು. 2016ರಲ್ಲಿ ಬಂದ ಯುಪಿಐಯಲ್ಲಿ ಹಣ ಕಳಿಸುವುದರ ಜೊತೆಗೆ ಇನ್ನೊಬ್ಬರಿಂದ ಹಣ ಕೇಳುವ ಸೌಲಭ್ಯವೂ ಇತ್ತು. ಆ ಕೋರಿಕೆಗೆ ಪಿನ್ ಒತ್ತಿದರೆ ಒತ್ತಿದವರ ಖಾತೆಯಿಂದಲೇ ಹಣ ಹೋಗುತ್ತಿತ್ತು. ಮೋಸಗಾರರು "ನಿಮಗೆ ದುಡ್ಡು ಬರ್ತಿದೆ, ಪಿನ್ ಹಾಕಿ" ಎಂದರು. ಜನ ಹಾಕಿದರು, ಕಳೆದುಕೊಂಡರು. ಹಣ ಯಾವ ಕಡೆಗೆ ಹೋಗುತ್ತಿದೆ ಎಂಬುದೇ ಆ ಸಲೀಸಿನಲ್ಲಿ ಮಸುಕಾಗಿತ್ತು. ಕೊನೆಗೆ 2025ರ ಅಕ್ಟೋಬರ್ 1ರಿಂದ, ವ್ಯಕ್ತಿಗಳು ಪರಸ್ಪರ ಹೀಗೆ ಹಣ ಕೇಳುವ ದಾರಿಯನ್ನೇ ಮುಚ್ಚಬೇಕಾಯಿತು.

ಇದಕ್ಕೆ ಬಹಳ ಮೊದಲೇ ನಮ್ಮ ರಾಜ್ಯ ಬೇರೊಂದು ಬಗೆಯ ಸರಳತೆಯನ್ನು ಕಂಡಿತ್ತು. ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ವಶದಲ್ಲೇ ಇರುತ್ತಿದ್ದ ಕಾಲವದು. 2001ರ ಹೊತ್ತಿಗೆ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ನನ್ನ ಮನಸ್ಸು ಹೋಗುವುದು ಅಲ್ಲಿನ ಒಂದು ಚಿಕ್ಕ ಏರ್ಪಾಡಿನ ಕಡೆಗೆ: ಸಿಬ್ಬಂದಿಯ ಮುಂದೆ ಒಂದು ಪರದೆ, ರೈತನ ಕಡೆಗೆ ತಿರುಗಿಸಿಟ್ಟ ಇನ್ನೊಂದು. ಅಲ್ಲಿ ತೆರೆದದ್ದನ್ನೇ ಇಲ್ಲಿ ಆತನೂ ನೋಡುತ್ತಿದ್ದ. ಕಂಪ್ಯೂಟರ್ ಕಲಿಯುವ ಹೊರೆ ಅವನಿಗೆ ಬೀಳಲಿಲ್ಲ. "ಸ್ವಾಮಿ, ಸರ್ವೆ ನಂಬರು ಅದಲ್ಲ" ಎಂದು ತಡೆಯುವ ಅವಕಾಶ ಮಾತ್ರ ಸಿಕ್ಕಿತು.

ಇಂದಿನ ಪರದೆಗಳು ಇನ್ನೂ ನಯವಾಗಿವೆ. ಆದರೂ ಗುಬ್ಬಿಯಾಗಲಿ ಕುಣಿಗಲ್ಲಾಗಲಿ, ಕೌಂಟರಿನ ಆಚೆಯಿಂದ "ಸಿಸ್ಟಮ್ ತಗೊಳ್ತಿಲ್ಲ ಕಣಪ್ಪ" ಎಂಬ ಮಾತು ಕೇಳಿಬಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಆಧಾರ್‌ನಲ್ಲಿ ಒಂದು ಬಗೆಯಾಗಿ, ಪಹಣಿಯಲ್ಲಿ ಇನ್ನೊಂದು ಬಗೆಯಾಗಿ ಹೆಸರು ಬರೆದದ್ದು ಕಾರಣವಿರಬಹುದು, ಬೇರೇನೋ ಇರಬಹುದು. ಆ ಮಾತು ಹೇಳಿದವರಿಗೂ ತಿಳಿಯದು. ಲೆಕ್ಕಿಗರ ಕಾಲ ಚೆನ್ನಾಗಿತ್ತು ಎನ್ನುತ್ತಿಲ್ಲ; ಆ ದಫ್ತರ ಎಷ್ಟು ಜನರನ್ನು ಅಲೆಸಿತೋ ಹಳ್ಳಿಗಳಿಗೆ ಗೊತ್ತು. ಆದರೆ ಬರೆದವರು ಎದುರಿಗಿದ್ದರು, ಜಗಳವಾದರೂ ಆಡಬಹುದಿತ್ತು. ಈಗ ನಿಯಮ ಸಾಫ್ಟ್‌ವೇರಿನೊಳಗಿದೆ, ಅದನ್ನು ಬರೆದವರು ಇನ್ನೆಲ್ಲೋ ಇದ್ದಾರೆ.

ಮುನ್ನಡೆಯೋ ಹಿನ್ನಡೆಯೋ ಎಂಬುದು ಕೆಲಸ ಸಲೀಸಾಗಿ ನಡೆದಾಗ ತಿಳಿಯುವುದಿಲ್ಲ, ನಿಂತಾಗ ತಿಳಿಯುತ್ತದೆ. ಪರದೆ ಆಗುವುದಿಲ್ಲ ಎಂದ ಕೂಡಲೇ, ಯಾವ ಕಲಂ ಹೊಂದಲಿಲ್ಲ, ತಿದ್ದುವ ಅಧಿಕಾರ ಯಾರದು, ಯಾವ ಕಾಗದ ಎಲ್ಲಿಗೆ ಒಯ್ಯಬೇಕು ಎಂದು ಕನ್ನಡದಲ್ಲಿ ಅದರ ಕೆಳಗೇ ಬರೆದಿರಬೇಕು. ಪರದೆ ಒಂದಿಷ್ಟು ತುಂಬಿಕೊಂಡಂತೆ ಕಂಡರೂ ಚಿಂತೆಯಿಲ್ಲ. ಅಷ್ಟೂ ಇಲ್ಲದಿದ್ದರೆ ಜನ ಮತ್ತೆ ಕಚೇರಿ ಬಾಗಿಲಿನ ಮಧ್ಯವರ್ತಿಯ ಹತ್ತಿರವೇ ಹೋಗುತ್ತಾರೆ.