ಅಪ್ಪನ ಬೆನ್ನು, ನನ್ನ ಸಹಿ

ಅಪ್ಪನ ಬೆನ್ನಿಗೆ ಐದು ಸಲ ಇಂಜೆಕ್ಷನ್ ಹಾಕಿಸಿದ್ದೇವೆ. ಐದೂ ಸಲ ಒಪ್ಪಿಗೆ ಪತ್ರದಲ್ಲಿ ಅಪ್ಪನ ಸಹಿಯ ಕೆಳಗೆ ನನ್ನ ಸಹಿ ಇದೆ. ಮೊದಲ ಸಲ ಪತ್ರವನ್ನು ಪೂರ್ತಿ ಓದಿದ್ದೆ. ಐದನೇ ಸಲ ಸಹಿ ಎಲ್ಲಿ ಹಾಕಬೇಕು ಎಂದಷ್ಟೇ ಕೇಳಿದೆ.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಊರಿನ ಸಾವಿರಾರು ಜನರಂತೆ ಅವರೂ ಮಾರಿಕುಪ್ಪಂನಲ್ಲಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಹೊರಟರು. ಅಲ್ಲಿ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ರಾತ್ರಿ ಮತ್ತೆ ಅದೇ ರೈಲು, ಸೀಟು ಸಿಕ್ಕರೆ ಪುಣ್ಯ. ಈಗ ನಾವು ಬಂಗಾರಪೇಟೆಯಲ್ಲಿದ್ದೇವೆ. ಬೆನ್ನು ಹಾಳಾದದ್ದು ಗಣಿಯಿಂದಲೋ, ಮೂಟೆಯಿಂದಲೋ, ರೈಲಿನಿಂದಲೋ ಎಂದು ಲೆಕ್ಕ ಹಾಕುವುದನ್ನು ಮನೆಯಲ್ಲಿ ಯಾವತ್ತೋ ಬಿಟ್ಟಿದ್ದೇವೆ.

ಬೆನ್ನುಹುರಿಯನ್ನು ಸುತ್ತಿರುವ ಪೊರೆಗೂ ಮೂಳೆಗೂ ನಡುವೆ ಒಂದು ಸಣ್ಣ ಜಾಗವಿದೆ. ಅಲ್ಲಿಗೆ ಸ್ಟೆರಾಯ್ಡ್ ಬಿಟ್ಟರೆ ನರದ ಸುತ್ತಲಿನ ಉರಿಯೂತ ಇಳಿಯುತ್ತದೆ, ಸೊಂಟದಿಂದ ಕಾಲಿಗೆ ಹರಿಯುವ ನೋವು ಕೆಲವು ವಾರವೋ ತಿಂಗಳೋ ಕಡಿಮೆಯಾಗುತ್ತದೆ. ಸವೆದ ಡಿಸ್ಕು ಮಾತ್ರ ಸವೆದೇ ಇರುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. 1901ರಲ್ಲೇ ಪ್ಯಾರಿಸ್ಸಿನಲ್ಲಿ ಇಬ್ಬರು ವೈದ್ಯರು ಇದೇ ಜಾಗಕ್ಕೆ ಕೊಕೇನ್ ಬಿಟ್ಟು ನೋಡಿದ್ದರು.

ಮೊದಲ ಇಂಜೆಕ್ಷನ್ ಆದ ವಾರ ಅಪ್ಪ ನಡೆದುಕೊಂಡೇ ಸ್ಟೇಷನ್ನಿನ ತನಕ ಹೋಗಿ ಪಾನಿಪುರಿ ತಿಂದು ಬಂದರು. ನಮ್ಮೂರಿನ ಪಾನಿಪುರಿಯ ನೀರು ಬಣ್ಣವಿಲ್ಲದೆ ತಿಳಿಯಾಗಿರುತ್ತದೆ, ಕುಡಿದ ಮೇಲೆಯೇ ಖಾರ ಗೊತ್ತಾಗುವುದು. ಮೂರು ತಿಂಗಳು ಚೆನ್ನಾಗಿದ್ದರು. ಎರಡನೆಯದಾದ ಮೇಲೆ ಮತ್ತೆ ಗೋದಾಮಿಗೆ ಹೋದರು. ನಾವು ಯಾರೂ ತಡೆಯಲಿಲ್ಲ. ನೋವು ಹೇಳುತ್ತಿದ್ದ ಮಾತನ್ನು ಔಷಧಿ ಸುಮ್ಮನಾಗಿಸಿತ್ತು, ಆ ಮೌನವನ್ನೇ ನಾವು ಗುಣವೆಂದುಕೊಂಡೆವು.

ಮೂರನೆಯದಾದ ಮೇಲೆ ನಾಲ್ಕು ದಿನ ಸಕ್ಕರೆ 300ರ ಕೆಳಗೆ ಇಳಿಯಲಿಲ್ಲ. ನಾಲ್ಕನೆಯ ಸಲ ಸೂಜಿ ಪೊರೆಗೆ ತಾಗಿ ಒಳಗಿನ ದ್ರವ ಸೋರಿತು. ಎದ್ದು ಕೂತರೆ ತಲೆ ಸಿಡಿಯುವಷ್ಟು ನೋವು, ಮಲಗಿದರೆ ಇಲ್ಲ. ಒಂದು ವಾರ ಮಲಗಿಯೇ ಊಟ ಮಾಡಿದರು. ಐದನೆಯದಾಗಿ ಕೆಲವು ತಿಂಗಳಿಗೆ, ಬರೀ ಕೆಮ್ಮಿದ್ದಕ್ಕೆ ಬೆನ್ನಿನ ಒಂದು ಮೂಳೆ ಕುಸಿಯಿತು. ವಯಸ್ಸು, ಸಕ್ಕರೆ, ಮತ್ತೆ ಮತ್ತೆ ಕೊಟ್ಟ ಸ್ಟೆರಾಯ್ಡು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು ಎಂದರು ಡಾಕ್ಟರು. ಸುಳ್ಳು ಹೇಳಲಿಲ್ಲ ಅವರು. ಹಳೆಯ ಫೈಲು ತೆಗೆದು ನೋಡಿದೆ. ಸಕ್ಕರೆ ಏರುವುದು, ತಲೆನೋವು, ಮೂಳೆ ಸವೆಯುವುದು ಎಲ್ಲವೂ ಒಪ್ಪಿಗೆ ಪತ್ರದಲ್ಲಿ ಇತ್ತು. ನನ್ನ ಸಹಿಗಿಂತ ನಾಲ್ಕು ಸಾಲು ಮೇಲೆ.

ಇದಕ್ಕಿಂತ ದೊಡ್ಡ ಅನಾಹುತಗಳು ಬೇರೆಡೆ ಆಗಿವೆ. 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರ ಸೇರಿದ ಸ್ಟೆರಾಯ್ಡ್ ಬಾಟಲಿಗಳಿಂದ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಅಪರೂಪಕ್ಕಾದರೂ ಈ ಇಂಜೆಕ್ಷನ್ನಿನಿಂದ ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಬರಬಹುದು, ಸಾವೂ ಬರಬಹುದು ಎಂದು ಎಚ್ಚರಿಸಿತು. ಹಾಗೆಂದು ಇಂಜೆಕ್ಷನ್ನನ್ನೇ ಶಪಿಸಲು ನನಗೆ ಮನಸ್ಸಿಲ್ಲ. ಕಾಲು ಹಿಡಿದುಕೊಂಡು ಅಳುವವನಿಗೆ ‘ತಡ್ಕೊ’ ಎನ್ನುವುದು ಎಂಥ ನೀತಿ?

ನನ್ನನ್ನು ಕಾಡುವುದು ‘ಒಪ್ಪಿಗೆ’ ಎಂಬ ಮಾತು. ನೋವಿನಲ್ಲಿರುವ ಮನುಷ್ಯ ಯಾವುದಕ್ಕೆ ತಾನೇ ಬೇಡ ಅನ್ನುತ್ತಾನೆ? ಮೊದಲ ಸಲದ ಹೂಂ ಎಂಬುದರಲ್ಲಿ ಸ್ವಲ್ಪವಾದರೂ ಯೋಚನೆ ಇರುತ್ತದೆ. ಆಮೇಲಿನವು ಹಿಂದಿನ ಹೂಂಗಳ ನೆರಳು. ಹೋದ ಸಲ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯಕ್ಕೆ ನಾವು ಒಪ್ಪಿಗೆ ಎಂದು ಹೆಸರಿಡುತ್ತೇವೆ. ನನ್ನ ಸಹಿಯಂತೂ ಇನ್ನೂ ಗೋಜಲು. ಇಂಜೆಕ್ಷನ್ ಆದ ರಾತ್ರಿಗಳಲ್ಲಿ ಅಪ್ಪ ನರಳುತ್ತಿರಲಿಲ್ಲ, ಅಮ್ಮ ನಿದ್ದೆ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ. ಆ ನಿದ್ದೆ ನನಗೆ ಬೇಕಾಗಿತ್ತು. ಅಪ್ಪನ ನೋವಿಗೆ ಔಷಧಿ ಕೊಡಿಸಿದೆನೋ, ಅದನ್ನು ಕೇಳಿಸಿಕೊಳ್ಳುವ ನನ್ನ ಕಷ್ಟಕ್ಕೋ?

ಇದನ್ನೆಲ್ಲ ಅಪ್ಪನ ಹತ್ತಿರ ಮಾತಾಡಬೇಕಿದ್ದದ್ದು ನೋವಿಲ್ಲದ ದಿನಗಳಲ್ಲಿ, ಬೇಡ ಅನ್ನುವ ಶಕ್ತಿ ಅವರಿಗಿದ್ದಾಗ. ಆಗ ನಾವು ಮಾತಾಡಿದ್ದು ಪಾನಿಪುರಿಯ ಬಗ್ಗೆ. ಕೊನೆಗೆ ಕೇಳಿದ್ದು ಮೊನ್ನೆ, ಆರನೆಯದಕ್ಕೆ ದಿನ ಗೊತ್ತು ಮಾಡುವ ಮುಂಚೆ. ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದರು.

“ಅಪ್ಪಾ, ನಿಜ ಹೇಳು. ನಿಂಗೆ ಬೇಕಾ ಇದು?”

ಸ್ವಲ್ಪ ಹೊತ್ತು ರಸ್ತೆ ನೋಡಿದರು.

“ನಂಗೆ ಮೊದಲ್ನೇದಷ್ಟೇ ಬೇಕಿದ್ದಿದ್ದು. ಆಮೇಲಿಂದು ನಿಮ್ಮಮ್ಮ ನಿದ್ದೆ ಮಾಡ್ಲಿ ಅಂತ ಹಾಕಿಸ್ಕೊಂಡೆ. ನೀನೂ ಬೆಳಿಗ್ಗೆ ರೈಲಿಗೆ ಹೋಗ್ಬೇಕಲ್ಲಪ್ಪ.”